ಸ್ಟೇಜಿಗೆ ಎಲ್ಲಾ, ಬೀಳ್ಕೊಡುಗೆಗೆ ಯಾರೂ ಇಲ್ಲ!



ಕಳೆದ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಬಂದು ಬಾಗಿಲಲ್ಲಿ ನಿಂತ. ವಯಸ್ಸು ಇಪ್ಪತ್ತಮೂರು. ನೆಚ್ಚಿನ ನಟನ ಚಿತ್ರ ಬಂದರೆ ಮೊದಲ ದಿನದ ಮೊದಲ ಆಟ ತಪ್ಪಿಸಿದವನಲ್ಲ. ಅದಕ್ಕಾಗಿ ಅಂಕೋಲೆಯಿಂದ ರಾತ್ರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದದ್ದೂ ಉಂಟು.

"ಮಾವಾ, ಮೇ ತಿಂಗಳಲ್ಲಿ ಅಕ್ಕನ ಮದುವೆ. ಡೆಕೋರೇಶನ್ ಪೂರಾ ನನ್ನ ತಲೆ ಮೇಲೆ. ನೀವು ಸಿನಿಮಾ ಬಗ್ಗೆ ಬರಿಯೋರು, ಒಂದ್ ಐಡಿಯಾ ಕೊಡಿ" ಅಂದ.

ಐಡಿಯಾ ಅವನ ಹತ್ತಿರ ಆಗಲೇ ಇತ್ತು. ಫೋನು ತೆಗೆದು ತೋರಿಸಿದ. ಮದುಮಗಳು ಹೊಗೆಯ ನಡುವಿನಿಂದ ಎದ್ದು ಬರುತ್ತಾಳೆ. ಎರಡೂ ಕಡೆ ಬೆಂಕಿಯ ಕಾರಂಜಿ. ಮೇಲೆ ಡ್ರೋನು. ಹಿಂದೆ ಪ್ಲಾಸ್ಟಿಕ್ ಹೂವಿನ ಗೋಡೆ, ಇಪ್ಪತ್ತು ಅಡಿ ಎತ್ತರ. ಮದುಮಗ ಕಪ್ಪು ಕನ್ನಡಕ ಹಾಕಿಕೊಂಡು ಸ್ಲೋ ಮೋಷನ್ನಿನಲ್ಲಿ ನಡೆದು ಬರುತ್ತಾನೆ... ಇದು ಮದುವೆಯೋ, ಕ್ಲೈಮಾಕ್ಸ್ ಫೈಟಿಂಗೋ ನನಗೆ ತಿಳಿಯಲಿಲ್ಲ!

"ಎಂತ ಮಾರಾಯಾ, ಇದಕ್ಕೆಲ್ಲ ಎಷ್ಟಾಗ್ತದೆ?" ಅಂತ ಕೇಳಿದೆ. ಅವನು ಹೇಳಿದ ಅಂಕಿ ಕೇಳಿ ನನ್ನ ಚಹಾ ತಣ್ಣಗಾಯಿತು. ಸಾಲ ಮಾಡುತ್ತಾನಂತೆ. "ಒಬ್ಳೇ ಅಕ್ಕ ಅಲ್ವಾ ಮಾವಾ" ಅಂದ. ಆ ಮಾತಿಗೆ ನಾನು ಏನೂ ಹೇಳಲಾರೆ. ನನಗೂ ಒಬ್ಬಳೇ ಅಕ್ಕ.

ಮೊದಲು ಸೆಟ್ಟಿನ ವಿಷಯ ಮುಗಿಸೋಣ. ಸೆಟ್ಟು ಬೇಡ ಅನ್ನುವ ಪಂಗಡದವನು ನಾನಲ್ಲ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮಾಡಿದರು. ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ನಮ್ಮ ನಿಮ್ಮಂಥ ಸಿನಿಮಾ ಹುಚ್ಚರಿಗೆ ಸ್ವಲ್ಪ ಬಣ್ಣ, ಸ್ವಲ್ಪ ಬೆಳಕು ಬೇಕೇ ಬೇಕು. ನನ್ನ ತಕರಾರು ಇಷ್ಟೇ: ಅಂಕೋಲೆಯಲ್ಲಿ ನಿಂತುಕೊಂಡು ಪ್ಲಾಸ್ಟಿಕ್ ಹೂವಿಗೆ ಬಾಡಿಗೆ ಕೊಡುವುದು ಯಾವ ನ್ಯಾಯ?

ಬಾಸಿಂಗವನ್ನೇ ನೋಡಿ. ಮದುಮಕ್ಕಳ ಹಣೆಗೆ ಕಟ್ಟುವ ಆ ಬೆಳ್ಳನೆಯ ಕಿರೀಟ. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆಯ ಗುಡಿಗಾರರ ಕೈಕೆಲಸ ಅದು. ಗಂಧದ ಮರದಲ್ಲಿ ಆನೆ, ಅಂಬಾರಿ ಕೆತ್ತುವ ಅದೇ ಬೆರಳುಗಳು ಬೆಂಡಿನಲ್ಲಿ ಹೂ, ಎಲೆ, ಗಿಳಿ ಅರಳಿಸುತ್ತವೆ. ಬೆಂಡಿನ ಗಿಡ ಕೆರೆ, ಜೌಗಿನಲ್ಲಿ ಬೆಳೆಯುತ್ತದೆ. ಸಿಪ್ಪೆ ಸುಲಿದರೆ ಒಳಗೆ ಹಾಲಿನಂಥ ತಿರುಳು. ಅದನ್ನು ಕಾಗದದಷ್ಟು ತೆಳ್ಳಗೆ ಹೆರೆದು ಸುತ್ತುತ್ತಾರೆ. ತೂಕವೇ ಇಲ್ಲ! ಬಂಗಾಳದ ಮದುಮಗ ತಲೆಗಿಡುವ ಟೋಪರ್ ಕೂಡ ಇದೇ ಬೆಂಡಿನದು. ನಾನು ಹುಡುಗನಿಗೆ ಹೇಳಿದ್ದು: ಹಣೆಗೆ ಕಟ್ಟುವ ಈ ಕೆಲಸವನ್ನೇ ದೊಡ್ಡದು ಮಾಡಿಸಿ ಮಂಟಪದ ನಾಲ್ಕು ಮೂಲೆಗೆ ತೂಗುಬಿಡು. ಕೆಳಗಿನಿಂದ ಒಂದು ಹಳದಿ ದೀಪ ಹಾಕು. ಯಾವ ಕಲಾ ನಿರ್ದೇಶಕನೂ ತಲೆದೂಗಬೇಕು.

ಚಪ್ಪರಕ್ಕೆ ಹೆಣೆದ ಮಡಲು. ಕಂಬಕ್ಕೆ ಗೊನೆ ಸಮೇತ ಬಾಳೆ. ತೋರಣಕ್ಕೆ ಮಾವಿನೆಲೆಯ ನಡುನಡುವೆ ಅಡಿಕೆಯ ಸಿಂಗಾರ. ಅದರ ಹೊಂಬಣ್ಣಕ್ಕೆ ಯಾವ ಜರಿಯೂ ಸಮ ಅಲ್ಲ, ಪರಿಮಳ ಬೇರೆ! ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬಿಳಿಯ ಶೇಡಿಯಲ್ಲಿ ಚಿತ್ತಾರ. ಊರಿನ ಅಜ್ಜಿಯಂದಿರನ್ನು ಒಂದು ಮಾತು ಕೇಳಿದರೆ ಸಾಕು, ಬಂದು ಬರೆದು ಕೊಡುತ್ತಾರೆ. ಎಲೆ ಅಡಿಕೆ ಕೊಟ್ಟು ಮರ್ಯಾದೆಯಿಂದ ಕೇಳಬೇಕು, ಅಷ್ಟೆ. ಮುಡಿಗೆ ಅಬ್ಬಲಿಗೆ. ಮದುವೆ ಬೇಗ ಇದ್ದರೆ ಸುರಗಿ. ಸುರಗಿಗೆ ಒಂದು ಗುಣ ಉಂಟು, ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ವರ್ಷ ಕಳೆದು ಪೆಟ್ಟಿಗೆ ತೆಗೆದರೂ ಮದುವೆ ಮನೆ ಮೂಗಿಗೆ ಬರುತ್ತದೆ.

ಸೆಟ್ಟಿನ ಮಾತು ಸಾಕು. ನನಗೆ ಹೇಳಬೇಕಾದದ್ದು ಬೀಳ್ಕೊಡುಗೆಯ ವಿಷಯ.

ನಮ್ಮ ಸಿನಿಮಾದವರು ಒಂದು ಮೋಸ ಮಾಡಿದ್ದಾರೆ. ತಾಳಿ ಕಟ್ಟುವಾಗ ಗಟ್ಟಿಮೇಳ, ಅಕ್ಷತೆ, ಎಲ್ಲರ ಕ್ಲೋಸ್ ಅಪ್ಪು... ಕಟ್! ಮುಂದಿನ ಶಾಟಿನಲ್ಲಿ ಹಾಲಿನ ಲೋಟ. ನಡುವೆ ಹೆಣ್ಣು ಮನೆ ಬಿಟ್ಟು ಹೋದದ್ದು ಎಲ್ಲಿ? ಎಡಿಟಿಂಗ್ ಟೇಬಲ್ಲಿನ ಕೆಳಗೆ. ಹಿಂದಿಯವರು ಈ ವಿಷಯದಲ್ಲಿ ಸ್ವಲ್ಪ ವಾಸಿ. 'ನೀಲ್ ಕಮಲ್' (1968) ಚಿತ್ರದಲ್ಲಿ ರಫಿ ಸಾಹೇಬರು ಹಾಡಿದ ತಂದೆಯ ಹಾಡನ್ನು ಕೇಳಿ ಅಳದ ಗಂಡಸು ಇದ್ದರೆ ನನಗೊಂದು ಕಾರ್ಡು ಹಾಕಿ. ಮೈಕ್ ಸೆಟ್ಟಿನವರು ಆ ಪ್ಲೇಟನ್ನು ಕಡೆಯ ಗಳಿಗೆಗೆಂದೇ ಎತ್ತಿಡುತ್ತಿದ್ದರು.

ನನ್ನ ಅಕ್ಕನ ಮದುವೆಯಲ್ಲೂ ಅದನ್ನೇ ಹಾಕಿದರು. ಆಗ ನಾನು ಎಲ್ಲಿದ್ದೆ ಗೊತ್ತೇ? ಏಣಿಯ ಮೇಲೆ!

1979ರ ಮೇ ತಿಂಗಳು. ನನಗೆ ಹತ್ತೊಂಬತ್ತು. ಅಂಕೋಲೆಯ ನಮ್ಮ ಮನೆಯಂಗಳದಲ್ಲೇ ಮದುವೆ. ಗಂಡಿನ ಮನೆ ಕಾಳಿ ನದಿಯ ಆಚೆ, ಸದಾಶಿವಗಡದ ಕಡೆ. ಮಂಟಪ ನನ್ನದೇ ನಿರ್ದೇಶನ! ಪ್ಲೈವುಡ್ಡಿನಲ್ಲಿ ಹೃದಯ ಕತ್ತರಿಸಿ ಬಾಣ ಚುಚ್ಚಿದ್ದೆ. ಸುತ್ತ ಬೆಳ್ಳಿ ಕಾಗದ, ಹತ್ತಿ ಆರುವ ಬಣ್ಣದ ಬಲ್ಬು. ಪುರೋಹಿತರು ಆ ಬಾಣ ನೋಡಿ "ಇದ್ಯಾರಿಗೆ ಬಿಟ್ಟದ್ದು ತಮಾ?" ಅಂದಿದ್ದರು. ಗೆಳೆಯರೆಲ್ಲ ಭೇಷ್ ಅಂದರು. ನಾನು ಉಬ್ಬಿ ಹೋದೆ.

ಬಲ್ಬು, ವೈರು ಎಲ್ಲ ಬಾಡಿಗೆಯವು. ಸಂಜೆ ಐದರೊಳಗೆ ವಾಪಸು ಕೊಡದಿದ್ದರೆ ಇನ್ನೊಂದು ದಿನದ ಬಾಡಿಗೆ. ಊಟ ಮುಗಿದದ್ದೇ ತಡ, ಏಣಿ ಹಾಕಿದೆ. ಕೆಳಗೆ ಮಡಿಲು ತುಂಬಿದರು. ಹೆಣ್ಣು ಒಪ್ಪಿಸಿದರು. ಆಯಿ ಅಳುವುದು ಕೇಳಿತು. 'ಇನ್ನೆರಡು ಸಾಲು ಬಿಚ್ಚಿ ಇಳಿಯುತ್ತೇನೆ' ಅಂದುಕೊಂಡೆ. ಅಕ್ಕ ಎರಡು ಸಲ ನನ್ನ ಹೆಸರು ಹಿಡಿದು ಕೇಳಿದಳಂತೆ. ಲೌಡ್ ಸ್ಪೀಕರಿನ ಬಾಯಿ ನನ್ನ ಕಿವಿಯ ಹತ್ತಿರವೇ ಇತ್ತು. ರಫಿ ಸಾಹೇಬರು ಮುಗಿಸುವಾಗ ದಿಬ್ಬಣದ ಬಸ್ಸು ಹೊರಟಾಗಿತ್ತು.

ಜಗಲಿಯ ಮೇಲೆ ಒಂದು ಮಣ್ಣಿನ ಕುಂಡ ಉಳಿದಿತ್ತು. ಅದರಲ್ಲಿ ಅಪ್ಪ ತಾವೇ ಕಸಿ ಕಟ್ಟಿದ ಕರಿ ಇಷಾಡಿನ ಸಸಿ. ಅಂಕೋಲೆಯ ಕರಿ ಇಷಾಡ್ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ನಮಗೆ ಆಗ ಅದು ಮನೆಯ ಮಾವು, ಅಷ್ಟೆ. ಅಕ್ಕನ ಜೊತೆ ಹೋಗಿ ಅವಳ ಹೊಸ ಮನೆಯ ಹಿತ್ತಿಲಲ್ಲಿ ಅದನ್ನು ನೆಟ್ಟು ಬರುವುದು ತಮ್ಮನ ಕೆಲಸ. ಅಪ್ಪ ನನಗೆ ವಹಿಸಿದ್ದು ಅದೊಂದೇ!

ಕುಂಡ ಎತ್ತಿಕೊಂಡು ರಸ್ತೆಗೆ ಓಡಿದೆ. ಮುಕ್ಕಾಲು ಗಂಟೆಯ ಮೇಲೆ ಒಂದು ಬಸ್ಸು ಸಿಕ್ಕಿತು. ಅವರ್ಸಾ, ಅಮದಳ್ಳಿ, ಅರಗಾ, ಬಿಣಗಾ... ಮೂವತ್ತು ಚಿಲ್ಲರೆ ಕಿಲೋಮೀಟರು ಮುಗಿಯುವುದೇ ಇಲ್ಲ. (ಆ ದಾರಿಯೂ ಈಗ ಹಾಗೆ ಉಳಿದಿಲ್ಲ. ಅರಗಾದಲ್ಲಿ ನೌಕಾನೆಲೆ ಬಂತು, ಎಷ್ಟೋ ಮದುವೆ ಕಂಡ ಅಂಗಳಗಳು ಎದ್ದುಹೋದವು.) ಕಾಳಿಗೆ ಆಗ ಸೇತುವೆ ಇರಲಿಲ್ಲ. ಅದು ಆದದ್ದು ಎಂಬತ್ತರ ದಶಕದಲ್ಲಿ. ಕೋಡಿಬಾಗದಲ್ಲಿ ಇಳಿದು ಲಾಂಚು ಹತ್ತಬೇಕು. ನಾನು ದಡಕ್ಕೆ ಬರುವಾಗ ಆ ದಿನದ ಕೊನೆಯ ಲಾಂಚು ನಡು ನೀರಿನಲ್ಲಿತ್ತು. ಹಸಿರು ಸೀರೆ ಕಂಡಿತು. ಕೂಗಿದೆ. ಇಂಜಿನ್ನಿನ ಸದ್ದಿಗೆ ಏನು ಕೇಳೀತು?

ಸಿನಿಮಾದಲ್ಲಿ ಇದನ್ನು ಲಾಂಗ್ ಶಾಟ್ ಅನ್ನುತ್ತಾರೆ.

ಅದೇ ಕಾಳಿಯ ಮೇಲೆ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ಸಣ್ಣ ದೋಣಿಯಲ್ಲಿ ಹೋಗಿ, ಶಿವಾಜಿಯ ಹಳೆಯ ಗಿರಿದುರ್ಗದ ಬಳಿ ಇಳಿದು ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಡ್ಜ್ ಸಾಹೇಬರು. ಕಾರವಾರದಿಂದ ಹಿಂತಿರುಗಿದ ಸ್ವಲ್ಪ ದಿನಕ್ಕೇ, 1883ರ ಡಿಸೆಂಬರಿನಲ್ಲಿ, ಕವಿಯ ಮದುವೆ! ಇನ್ನು ನಮ್ಮ ಅಕ್ಕ ಸೇರಿದ ಆ ದಡ ಇದೆಯಲ್ಲ, ಮರಾಠಿ ಚಿತ್ರರಂಗದ ದೊಡ್ಡ ತಾರೆ ಜಯಶ್ರೀ ಗಡಕರ್ ಹುಟ್ಟಿದ್ದು ಅಲ್ಲೇ ಹತ್ತಿರ. 1987ರಲ್ಲಿ ಟಿವಿಯ 'ರಾಮಾಯಣ'ದಲ್ಲಿ ಕೌಸಲ್ಯೆಯಾಗಿ ಮಗನನ್ನು ಕಾಡಿಗೆ ಬೀಳ್ಕೊಟ್ಟವರು ಅವರೇ. ದಶರಥನಾಗಿದ್ದ ಬಾಳ್ ಧುರಿ ನಿಜ ಜೀವನದಲ್ಲೂ ಅವರ ಪತಿ. ಆ ದೃಶ್ಯ ನೋಡುವಾಗ ನಾನು ಎದ್ದು ಹೊರಗೆ ಹೋಗಿದ್ದೆ.

ಇರಲಿ. ಹುಡುಗನಿಗೆ ನಾನು ಕೊಟ್ಟ ಸಲಹೆ ಕೇಳಿ. ಬೀಳ್ಕೊಡುಗೆಗೆ ಅರ್ಧ ಗಂಟೆ ಇರುವಾಗ ಎಲ್ಲ ಕೆಲಸ ಬೇರೆಯವರ ಕೈಗೆ ಕೊಟ್ಟುಬಿಡು. ಜೇಬಿನಲ್ಲಿ ಬಿಲ್ಲು, ಬೀಗದ ಕೈ, ಫೋನು ಒಂದೂ ಇರಬಾರದು. ಸ್ಪೀಕರ್ ಬಂದ್. ಹಾಡುವ ಹೆಂಗಸರನ್ನು ಮುಂದೆ ಕೂರಿಸು. ನಮ್ಮ ಹಾಲಕ್ಕಿ ಮದುವೆಗಳಲ್ಲಿ ಒಂದೊಂದು ಶಾಸ್ತ್ರಕ್ಕೂ ಹಾಡು ಉಂಟು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಂಥ ನೂರಾರು ಹಾಡನ್ನು ಪುಸ್ತಕ ಮುಟ್ಟದೆ ಬಾಯಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಹೋದರು. ನಿಮ್ಮ ಜಾತಿ, ನಿಮ್ಮ ಕೇರಿ ಯಾವುದೇ ಇರಲಿ, ಹಾಡು ಬಲ್ಲ ಒಬ್ಬ ಅಜ್ಜಿಯಾದರೂ ಇದ್ದೇ ಇರುತ್ತಾಳೆ. ಫೋನು ರೆಕಾರ್ಡಿಗೆ ಹಾಕಿ ತಂಗಿಯಂದಿರ ಕೈಗೆ ಕೊಡು. ಹಾಡು ಉಳಿದೀತು.

ಬಂದವರಿಗೆ ಸ್ಟೀಲ್ ಡಬ್ಬಿಯ ಬದಲು ಗಿಡ ಕೊಡು ಅಂದೆ. ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಹೋದ ತಾಲೂಕು ಇದು. 2024ರ ಡಿಸೆಂಬರಿನಲ್ಲಿ ಅವರೂ ಹೋದರು. ಅವರ ಊರಿನ ಸುತ್ತ ಸಸಿಗೆ ಬರವೇ? ಮೇ ಮದುವೆ ಅಂದರೆ ಜೂನಿನ ಮಳೆಗೆ ಬೇರು ಹಿಡಿಯುತ್ತದೆ.

ಅವನಿಗೊಂದು ಹೊಸ ಆಸೆ ಹುಟ್ಟಿತು. "ಹಾಗಾದ್ರೆ ಅಕ್ಕನ್ನ ದೋಣಿಯಲ್ಲೇ ಕಳಿಸೋಣ ಮಾವಾ, ಹೂ ಕಟ್ಟಿ!" ಚಂದವೇ. ಆದರೆ 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುವ ದೋಣಿ ಮಗುಚಿ ಹದಿನಾರು ಜೀವ ಹೋದದ್ದು ಇದೇ ಕಾರವಾರದ ನೀರಿನಲ್ಲಿ. ಅಳಿವೆ ಬೇಡ. ಮಳೆ, ಗಾಳಿಯ ಸೂಚನೆ ಇದ್ದರೆ ಬೇಡವೇ ಬೇಡ. ಮದುಮಕ್ಕಳು, ಜೊತೆಗೆ ನಾಲ್ಕು ಜನ, ರೇಷ್ಮೆ ಸೀರೆಯ ಮೇಲೂ ಲೈಫ್ ಜಾಕೆಟ್ಟು. ಫೋಟೋಕ್ಕೆ ಚೆನ್ನಾಗಿ ಕಾಣದಿದ್ದರೆ ಫೋಟೋ ಹಾಳಾಗಲಿ.

ನಮ್ಮ ಕುಂಡದ ಕತೆ ಅರ್ಧಕ್ಕೇ ನಿಂತಿತು, ಅಲ್ಲವೆ? ಆ ರಾತ್ರಿ ಅದನ್ನು ಹೊತ್ತುಕೊಂಡೇ ಮನೆಗೆ ಬಂದೆ. ಅಪ್ಪ ಏನೂ ಅನ್ನಲಿಲ್ಲ. ಎಂಟು ದಿನ ಕಳೆದು ಹೋಗಿ ನೆಟ್ಟೆ. ಅಕ್ಕ ನೀರು ಹಾಕಿದಳು. ನಾನು ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ವರ್ಷ ಎಷ್ಟಾದರೂ ಮೇ ತಿಂಗಳಲ್ಲಿ ಆ ಮರದ ಹಣ್ಣು ಬುಟ್ಟಿಯಲ್ಲಿ ನಮ್ಮ ಮನೆಗೆ ಬರುತ್ತದೆ. ಒಂದು ಹಣ್ಣು ತಿನ್ನುವಾಗಲೂ ಆ ಏಣಿ ನೆನಪಾಗದೆ ಇರುವುದಿಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು ಬಿತ್ತು. ಒಂದು ಲಾರಿ ನೀರಿಗೆ ಹೋಯಿತು. ಚಾಲಕ ಬದುಕಿದ, ಪುಣ್ಯ. ಬೆಳಗಾಗುತ್ತಲೇ ಅಕ್ಕನ ಫೋನು.

"ತಮಾ, ಸೇತುವೆ ಹೋಯ್ತು ಮಾರಾಯಾ. ಮತ್ತೆ ಲಾಂಚಿನ ಕಾಲ ಬಂತಾ ಏನು?"

"ಪಕ್ಕದಲ್ಲಿ ಹೊಸ ಸೇತುವೆ ಉಂಟಲ್ಲ ಅಕ್ಕಾ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದಳು: "ಅವತ್ತು ನೀ ಕುಂಡ ಹಿಡ್ಕೊಂಡು ದಡದ ಮೇಲೆ ನಿಂತಿದ್ದೆ. ನಾ ಕಂಡಿದ್ದೆ. ಕೈ ಎತ್ತಿದ್ರೆ ಅತ್ತೆ ಏನ್ ಅಂದ್ಕೊಂಡಾರು ಅಂತ ಎತ್ತಲಿಲ್ಲ."

ನಲವತ್ತೈದು ವರ್ಷ ಅವಳೂ ಅದನ್ನು ಇಟ್ಟುಕೊಂಡಿದ್ದಳು!

ಇಷ್ಟೂ ಕೇಳಿಸಿಕೊಂಡ ಹುಡುಗ ಫೋನನ್ನು ಜೇಬಿಗೆ ಹಾಕಿದ. ಡ್ರೋನ್ ಬಿಡುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಗೇಟಿನ ತನಕ ಹೋದವನು ತಿರುಗಿ ಬಂದ.

"ಮಾವಾ, ಅವತ್ತು ಲೈಟಿನ ಬಾಡಿಗೆ ಎಷ್ಟು ಉಳೀತು?"

"ಎಂಟು ರೂಪಾಯಿ" ಅಂದೆ.