ಕಾಲ್ಚೆಂಡಿನ ಜೂಜು: ಪರಿಭಾಷೆಯ ಮರ್ಮ

ಮೊಬೈಲಿನ ಮೂಲಕ ಸತ್ತೇಗಾಲದಂತಹ ಗ್ರಾಮಗಳನ್ನೂ ತಲಪಬಲ್ಲ ಕಾಲ್ಚೆಂಡಿನ ಜೂಜು ಗಣಿತದ ವೇಷ ಧರಿಸಿ ಬರುತ್ತದೆ. ‘ಓವರ್ 2.5’ ಎಂದರೆ ಮೂರು ಅಥವಾ ಹೆಚ್ಚು ಗೋಲುಗಳಾದರೆ ಗೆಲವು, ‘ಅಂಡರ್ 2.5’ ಎಂದರೆ ಎರಡನ್ನು ಮೀರದಿದ್ದರೆ ಗೆಲವು. ‘ಆಡ್ಸ್ 1.90’ ಎಂಬುದು, ಗೆದ್ದವನು ಹೂಡಿದ 100 ರೂಪಾಯಿಗೆ ಅಸಲೂ ಸೇರಿ 190 ಸಲ್ಲುವ ದರ. ಎರಡು ಕಡೆಗೂ ಇದೇ ದರವಿದ್ದು, ಇಬ್ಬರು ಎದುರುಬದುರಾಗಿ ನೂರುನೂರು ಹೂಡಿದರೆ ಕೂಡಿದ್ದು 200, ಗೆದ್ದವನಿಗೆ ಸಂದದ್ದು 190. ಉಳಿದ 10 ಆಡಿಸುವವನದು. ಗೋಲು ಎಷ್ಟಾದರೂ ಅವನಿಗೆ ಸೋಲಿಲ್ಲ. ಆ ಹತ್ತಕ್ಕೆ ‘ಮಾರ್ಜಿನ್’ ಎಂದು ಹೆಸರು. ಆಡುವವನ ಕಣ್ಣಿಗೆ ಬೀಳದ ಪದ ಅದೊಂದೇ.

ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಶಾಸನವೊಂದೇ ಸಾಲದು, ಬಲ್ಲ ಮಹನೀಯರು ಈ ಲೆಕ್ಕವನ್ನು ತರುಣರಿಗೆ ಬಿಡಿಸಿ ಹೇಳಬೇಕೆಂದು ನಮ್ಮ ವಿಜ್ಞಾಪನೆ.