ಕರಿದ ಎಣ್ಣೆಗೆ ತಾಲ್ಲೂಕಿಗೊಂದು ಸಂಗ್ರಹ ಕೇಂದ್ರ ಬೇಕು

ಸಂಜೆಯಾದರೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯ ಬಸ್ ನಿಲ್ದಾಣಗಳ ಸುತ್ತ, ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್‌ನಲ್ಲಿ ಬೋಂಡ, ಬಜ್ಜಿ, ಕಬಾಬ್ ವ್ಯಾಪಾರ ಜೋರು. ಕರಿದು ಕರಿದು ಕಪ್ಪಾಗಿ, ನೊರೆ ಕಟ್ಟುವ ಎಣ್ಣೆಯ ಗತಿಯೇನು? ಎಷ್ಟೋ ಕಡೆ ಮರುದಿನ ಅದಕ್ಕೇ ಹೊಸ ಎಣ್ಣೆ ಬೆರೆಯುತ್ತದೆ. ತಳದ ಗಸಿ ಚರಂಡಿ ಪಾಲು. ಶ್ರೀರಂಗಪಟ್ಟಣದಲ್ಲಿ ಚರಂಡಿಗೂ ಕಾವೇರಿಗೂ ಎಷ್ಟು ದೂರ?

ನಿಯಮವೇನೋ ಇದೆ. ಪದೇ ಪದೇ ಕಾದಾಗ ಹುಟ್ಟುವ ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ 25 ದಾಟಿದ ಎಣ್ಣೆಯನ್ನು 2018ರ ಜುಲೈ 1ರಿಂದ ಅಡುಗೆಗೆ ಬಳಸುವಂತಿಲ್ಲ. ಅದನ್ನು ಜೈವಿಕ ಡೀಸೆಲ್ ಮಾಡಲು ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷದ ಆಗಸ್ಟ್‌ನಲ್ಲಿ ‘ರೂಕೋ’ ಯೋಜನೆಯನ್ನೂ ತಂದಿತು. ಆದರೆ ಲೆಕ್ಕ ಇಡಬೇಕಾದವರು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಮಾತ್ರ. ನಮ್ಮ ತಳ್ಳುಗಾಡಿ, ಬೇಕರಿ, ಸಣ್ಣ ಹೋಟೆಲ್‌ಗಳು ಈ ಲೆಕ್ಕದಿಂದಲೇ ಹೊರಗೆ. ಅವರ ಬಾಗಿಲಿಗೆ ಎಣ್ಣೆ ಕೊಳ್ಳಲು ಕ್ಯಾನ್ ಹಿಡಿದು ಬಂದವರನ್ನು ನಾನು ಕಂಡಿಲ್ಲ.

ಎಣ್ಣೆಗೆ ಮೆಥನಾಲ್ ಬೆರೆಸಿ, ವೇಗವರ್ಧಕವಾಗಿ ಕ್ಷಾರ ಹಾಕಿದರೆ ಜೈವಿಕ ಡೀಸೆಲ್, ಗ್ಲಿಸರಿನ್ ಬೇರೆಯಾಗುತ್ತವೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಆಮ್ಲ ಹೆಚ್ಚು. ನೇರವಾಗಿ ಕ್ಷಾರ ಹಾಕಿದರೆ ಸಾಬೂನಾಗಿಬಿಡುತ್ತದೆ. ಮೊದಲು ಆಮ್ಲ ವೇಗವರ್ಧಕದಿಂದ ಎಣ್ಣೆಯ ಆಮ್ಲಾಂಶವನ್ನು ತಗ್ಗಿಸಬೇಕು. ನೀರು ಸೇರಿದರೂ ಕೆಲಸ ಕೆಡುತ್ತದೆ. ಹಾಗಾಗಿ ಎಣ್ಣೆಯನ್ನು ಸೋಸಿ, ನೀರು ತಾಗದಂತೆ ಬೇರೆ ಕ್ಯಾನ್‌ನಲ್ಲಿ ಶೇಖರಿಸುವುದೇ ಮೊದಲ ಹೆಜ್ಜೆ. ಪಕ್ಕದ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಸ್ಥಾಪಿಸಿದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವಿನೆಣ್ಣೆಯಿಂದ ಇಂಧನ ತೆಗೆಯುವ ತಿಳಿವಳಿಕೆ ನಮಗೆ ಹೊಸದಲ್ಲ.

ಊರೂರ ಡೇರಿಯಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ ದುಡ್ಡು ಕೊಡುವ ಪದ್ಧತಿ ಮಂಡ್ಯ ಜಿಲ್ಲೆಗೆ ಚೆನ್ನಾಗಿ ಗೊತ್ತು. ಕರಿದ ಎಣ್ಣೆಗೂ ಹಾಗೇ ಮಾಡಬಹುದು. ಪುರಸಭೆಗಳು ವಾರಕ್ಕೊಮ್ಮೆ ಎಣ್ಣೆ ಕೊಂಡು, ಅಧಿಕೃತ ಜೈವಿಕ ಡೀಸೆಲ್ ಘಟಕಕ್ಕೆ ಒಟ್ಟಿಗೆ ಕಳಿಸಲಿ. ದಂಡವೊಂದರಿಂದಲೇ ಹಳೆ ಎಣ್ಣೆಯ ಮರುಬಳಕೆ ನಿಲ್ಲದು. ಲೀಟರಿಗೆ ನಾಲ್ಕು ಕಾಸು ಸಿಗುವಂತಾದರೆ ಬಡ ವ್ಯಾಪಾರಿ ಹಳೆ ಎಣ್ಣೆಯನ್ನು ತಾನೇ ತಂದುಕೊಡುತ್ತಾನೆ.

2030ಕ್ಕೆ ಡೀಸೆಲ್‌ನಲ್ಲಿ ಶೇ 5ರಷ್ಟು ಜೈವಿಕ ಡೀಸೆಲ್ ಬೆರೆಸುವುದು ದೇಶದ ಗುರಿ. ಅದಕ್ಕೂ ನೆರವಾಗುವಂತೆ ಜಿಲ್ಲಾಡಳಿತ ಈ ನಾಲ್ಕು ತಾಲ್ಲೂಕುಗಳಲ್ಲಿ ಕೂಡಲೇ ಸಂಗ್ರಹ ಕೇಂದ್ರ ತೆರೆಯಲಿ, ಎಣ್ಣೆಯ ದರವನ್ನು ಬಹಿರಂಗವಾಗಿ ಪ್ರಕಟಿಸಲಿ.

– ಒಬ್ಬ ಓದುಗ, ಪಾಂಡವಪುರ