ಹೊಲ ಮಾರುವ ಮೊದಲು ರೂಲು ಓದ್ರಿ!

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ಪಟ್ಟಣದಲ್ಲಿ ಶೆಲ್ ದಾಳಿಗೆ ಬಲಿಯಾದ ಮೆಡಿಕಲ್ ವಿದ್ಯಾರ್ಥಿ ನವೀನ ಗ್ಯಾನಗೌಡರ ಹಳೆಯ ಧಾರವಾಡ ಜಿಲ್ಲೆಯ ಹುಡುಗ. ಊರು ರಾಣೆಬೆನ್ನೂರು ತಾಲೂಕಿನ ಚಳಗೇರಿ. ಪಿಯುಸಿಯಲ್ಲಿ 97 ಪರ್ಸೆಂಟ್ ಬಂದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲವೆಂದು ತಂದೆ ಗೋಳಿಟ್ಟರು.

ಸೀಟಿನ ಗೋಳು ಇನ್ನೂ ಮುಗಿದಿಲ್ಲ. ನವಲಗುಂದ, ಕುಂದಗೋಳದ ಎರಿ ಹೊಲ ಮಾರಿ ಮಗನನ್ನು ಪರದೇಶಕ್ಕೆ ಕಳಿಸಹೊರಟ ತಂದೆ, ಏಜೆಂಟನಿಗೆ ಬರೀ ಫೀ ಕೇಳಿದರೆ ಸಾಲದು. 2021ರ ನಿಯಮದ ಪ್ರಕಾರ ಅಲ್ಲಿ ಕನಿಷ್ಠ 54 ತಿಂಗಳು ಇಂಗ್ಲಿಷ್‌ನಲ್ಲಿ ಓದು, ಅಲ್ಲೇ 12 ತಿಂಗಳು ಇಂಟರ್ನ್‌ಶಿಪ್. ಊರಿಗೆ ಬಂದ ಮೇಲೆ ಪರೀಕ್ಷೆ, ಮತ್ತೆ 12 ತಿಂಗಳು ಇಂಟರ್ನ್‌ಶಿಪ್. ಇದರಲ್ಲಿ ಒಂದು ತಪ್ಪಿದರೂ ದವಾಖಾನೆಯ ಬೋರ್ಡು ಏರುವುದಿಲ್ಲ. ಹೊಲ ಹೋದ ಮೇಲೆ ರೂಲು ಓದಿ ಏನು ಬಂತು?